ದೂರು ಪುಸ್ತಕಕ್ಕೂ ಬೀಗ

ಕದ್ದ ಮಾಲು ಈ ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದು ನೆಲಿದಾ ತಾಯಿಗೆ ಮಾತು ಕೊಟ್ಟಾಗ ಅವಳಿಗೆ ಹದಿನೇಳು. ಆ ವಾರವಷ್ಟೇ ಪಕ್ಕದ ಅಂಗಡಿಯವನು ತಾಯಿ ಬಿಡಿಸಿದ್ದ ಕಸೂತಿ ಚಿತ್ರವನ್ನು ಕದ್ದು, ತನ್ನದೇ ಎಂದು ಮಾರಿದ್ದ. ತಾಯಿ ಮೂರು ದಿನ ಊಟ ಬಿಟ್ಟಿದ್ದಳು.

ಈಗ ತಾಯಿ ಇಲ್ಲ. ಲಿಮಾದ ಗಮರ್ರಾ ಬಟ್ಟೆಪೇಟೆಯ ಮೂರನೇ ಮಹಡಿಯಲ್ಲಿ ಕಸೂತಿ ಯಂತ್ರ ನಡೆಸುವವಳು ನೆಲಿದಾ. ಅದರ ಸಾಫ್ಟ್‌ವೇರನ್ನು ಸುತ್ತಲಿನವರೆಲ್ಲ ನಕಲಿ ಹಾಕಿಕೊಂಡು ಇವಳನ್ನು ಕಂಡು ನಗುತ್ತಿದ್ದರೂ, ಕಂಪನಿಯಿಂದಲೇ ಕೊಂಡಿದ್ದಳು. ತಾಯಿಯ ಅಷ್ಟೂ ಚಿತ್ರಗಳನ್ನು ಒಂದೊಂದು ಹೊಲಿಗೆಯಾಗಿ ಅದರೊಳಗೆ ಏರಿಸಿದ್ದಳು.

ಮಂಗಳವಾರ ಕಂಪ್ಯೂಟರಿನ ಸುಟ್ಟ ಭಾಗವೊಂದನ್ನು ಬದಲಾಯಿಸಿದ್ದೇ ತಡ, ಸಾಫ್ಟ್‌ವೇರ್ ಅದನ್ನು ಬೇರೆಯೇ ಕಂಪ್ಯೂಟರ್ ಅಂದುಕೊಂಡಿತು. ಪರದೆಯ ಮೇಲೆ ಕೆಂಪಕ್ಷರ: ‘ಇದು ನಕಲಿ ಪ್ರತಿ. ತಡೆಹಿಡಿಯಲಾಗಿದೆ.’ ಭಾನುವಾರ ಊರವರ ಕುಣಿತದ ತಂಡಕ್ಕೆ ನಲವತ್ತು ಮೇಲಂಗಿ ಕೊಡಬೇಕು, ಪ್ರತಿಯೊಂದರ ಬೆನ್ನಿಗೂ ತಾಯಿಯ ಕಾಂಡರ್ ಹದ್ದು. ಆ ಹದ್ದೀಗ ಬೀಗದೊಳಗೆ.

ರಶೀದಿ ಹಿಡಿದು ಕಂಪನಿಯ ಕಚೇರಿಗೆ ಹೋದಳು. ಕೌಂಟರಿನಲ್ಲಿದ್ದ ಟೈ ಕಟ್ಟಿದವನು ರಶೀದಿ ಮುಟ್ಟಲೂ ಇಲ್ಲ.

“ಸಿಸ್ಟಮ್ ನಕಲಿ ಅಂತಿದೆ, ಸೆನ್ಯೋರಾ. ನಾನೇನ್ ಮಾಡ್ಲಿ?”

“ಕಣ್ಣಿಲ್ವಾ? ನಿಮ್ದೇ ಮೊಹರು ನೋಡಿ! ದುಡ್ಡು ಕೊಟ್ಟೋಳು ಕಳ್ಳಿ, ಕದ್ದೋರು ಆರಾಮಾಗಿ ಹೊಲೀತಾ ಕೂತಿದಾರೆ!”

“ಕೂಗ್ಬೇಡಿ.”

“ಕೂಗ್ತೀನಿ. ದೂರು ಪುಸ್ತಕ ಕೊಡಿ.”

ಪ್ರತಿ ಅಂಗಡಿಯಲ್ಲೂ ಆ ಪುಸ್ತಕ ಇರಬೇಕು, ಗಿರಾಕಿ ಕೇಳಿದರೆ ಇಲ್ಲ ಎನ್ನುವಂತಿಲ್ಲ, ಕಾನೂನು. ಕೋಳಿ ಸುಡುವವನಿಂದ ಹಿಡಿದು ಬ್ಯಾಂಕಿನವನವರೆಗೆ ಎಲ್ಲರೂ ಅದರ ಹೆಸರೆತ್ತಿದರೆ ಮೆತ್ತಗಾಗುತ್ತಾರೆ. ಇವನು ನಕ್ಕ.

“ನಮ್ಮ ಪುಸ್ತಕ ಆನ್‌ಲೈನ್. ನಿಮ್ಮ ಖಾತೆಯಿಂದ ಒಳಗೆ ಹೋಗಿ ಬರೀರಿ.”

“ಖಾತೆಗೇ ಬೀಗ ಜಡಿದಿದೀರಲ್ಲಯ್ಯಾ!”

“ಬೀಗ ತೆಗೀಬೇಕಂದ್ರೆ ದೂರು ದಾಖಲಾಗ್ಬೇಕು.”

ನೆಲಿದಾಳಿಗೆ ಕಿವಿಯವರೆಗೂ ಬೆಂಕಿ ಹತ್ತಿತು. ಗೋಡೆಯ ಮೇಲೆ ‘ನಕಲು ಮಾಡುವುದು ಕಳ್ಳತನ’ ಎಂಬ ದೊಡ್ಡ ಪೋಸ್ಟರು ಇತ್ತು. ಅವನ ಮೇಜಿನ ಮಾರ್ಕರ್ ಕಿತ್ತುಕೊಂಡು ಅದರ ಮೇಲೇ ತನ್ನ ಹೆಸರು, ಗುರುತಿನ ಚೀಟಿಯ ಸಂಖ್ಯೆ, ನಡೆದದ್ದೆಲ್ಲವನ್ನೂ ಅಡ್ಡಡ್ಡ ಬರೆದಳು.

“ತಗೊಳ್ಳಿ, ದಾಖಲಾಯ್ತು. ಕಾನೂನು ಪ್ರಕಾರ ಹದಿನೈದು ದಿನದಲ್ಲಿ ಉತ್ತರ ಕೊಡ್ಬೇಕು.”

ಕಾವಲಿನವನು ತೋಳು ಹಿಡಿದು ಹೊರಗೆ ಬಿಟ್ಟ.

ಗಮರ್ರಾದ ಮೆಟ್ಟಿಲ ಬಳಿ ನಕಲಿ ಸಾಫ್ಟ್‌ವೇರಿನ ಡಿಸ್ಕ್ ಮಾರುವ ವಿಲ್ಬರ್ ಅವಳನ್ನು ಕಂಡು ಎದ್ದು ನಿಂತ.

“ಅಯ್ಯಯ್ಯೋ, ನಮ್ಮ ಸತ್ಯವಂತಮ್ಮನೂ ಬಂದ್ಲು! ಯಾವ್ದು ಬೇಕಕ್ಕಾ, ಕಸೂತೀದಾ?”

“ಬಾಯ್ಮುಚ್ಕೊಂಡು ಕೊಡೋ.”

“ಇದು ರಶೀದಿ ಕೇಳಲ್ಲ, ಖಾತೆ ಕೇಳಲ್ಲ, ನಿನ್ನನ್ನ ಕಳ್ಳಿ ಅಂತಾನೂ ಅನ್ನಲ್ಲ. ನಿನ್ನ ಕಂಪನಿಗಿಂತ ಮರ್ಯಾದಸ್ಥ ಅಕ್ಕಾ.”

ಅವಳಿಗೆ ನಗು ಬರಲಿಲ್ಲ. ಅವನ ಮೇಲೂ ಸಿಟ್ಟು, ಅವನು ಹೇಳಿದ್ದು ನಿಜವೆಂಬುದರ ಮೇಲೆ ಇನ್ನೂ ಸಿಟ್ಟು.

ಡಿಸ್ಕ್ ಹಾಕಿದ ನಾಲ್ಕೇ ನಿಮಿಷದಲ್ಲಿ ತಾಯಿಯ ಹದ್ದು ಪರದೆಯ ತುಂಬ ರೆಕ್ಕೆ ಬಿಚ್ಚಿತು. ಮೊದಲ ಮೇಲಂಗಿಯನ್ನು ಚೌಕಟ್ಟಿಗೆ ಬಿಗಿದು ಗುಂಡಿ ಒತ್ತಿದಳು.

ತಾಯಿಗೆ ಕೊಟ್ಟ ಮಾತನ್ನು ನೆಲಿದಾ ಮುರಿದಳು.