ಇಬ್ಬರು ಇಳಿಯುವವರು

ಮೆಂತ್ಯದ ಸೊಪ್ಪು ಮಡಿಲಲ್ಲಿದೆ, ಎಲೆ ಈ ಕಡೆ, ದಂಟು ಆ ಕಡೆ, ಬೆರಳು ತಾನಾಗಿಯೇ ಬಿಡಿಸುತ್ತದೆ, ಬಸ್ಸು ಕುಲುಕಿದಾಗ ಮಾತ್ರ ದುಪಟ್ಟಾದ ಅಂಚು ಎತ್ತಿ ಹಿಡಿಯಬೇಕು, ಇಲ್ಲವಾದರೆ ದಂಟೆಲ್ಲ ಮುಂದಿನ ಸೀಟಿನ ಕೆಳಗೆ ಚೆಲ್ಲುತ್ತದೆ. ನಮ್ಮ ಗಾರ್ಮೆಂಟ್ಸ್ ಬಸ್ಸಿನಲ್ಲಿ ಎಲ್ಲರೂ ಹೀಗೆಯೇ, ಗೇಟಿನ ಹೊರಗೆ ಸೊಪ್ಪು ಕೊಳ್ಳುತ್ತೇವೆ, ಮನೆ ಮುಟ್ಟುವಷ್ಟರಲ್ಲಿ ಬಿಡಿಸಿ ಮುಗಿಸುತ್ತೇವೆ, ರೂಮಿಗೆ ಹೋದವರೇ ಒಲೆ ಹಚ್ಚಿದರಾಯಿತು. ಇವತ್ತು ಬಿಸಿಲಿರುವಾಗಲೇ ಬಿಟ್ಟರು, ಆಯುಧಪೂಜೆ, ಹೊಲಿಗೆ ಮಷೀನುಗಳಿಗೆ ಕುಂಕುಮ ಹಚ್ಚಿ, ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಡ್ಲೆಪುರಿ ಪೊಟ್ಟಣ ಹಂಚಿ ಕಳಿಸಿದರು, ಡ್ರೈವರ್ ಶಿವರಾಜಣ್ಣ ಸ್ಟೀರಿಂಗಿಗೂ ಹೂವು ಸುತ್ತಿ ಹಾಡು ಜೋರಾಗಿ ಹಾಕಿದ್ದಾನೆ, ಕಿಟಕಿಯ ಗಾಜು ಅದಕ್ಕೆ ತಕ್ಕಂತೆ ನಡುಗುತ್ತಿದೆ. ಶಿವರಾಜಣ್ಣನ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ. ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಾಳೆ, ಸೊಪ್ಪಿಲ್ಲ, ಫೋನಿಲ್ಲ, ಪ್ರತಿ ಅಂಗಡಿಯ ಬೋರ್ಡಿಗೂ ಕತ್ತು ತಿರುಗಿಸುತ್ತಾಳೆ, ಓದುವುದಕ್ಕಲ್ಲ, ಗುರುತು ಹುಡುಕುವುದಕ್ಕೆ, ಕೊರಳಿನ ಕಾರ್ಡಿನ ಪಟ್ಟಿ ಹಸಿರು. ನಮ್ಮದು ನೀಲಿ. ಹಸಿರು ಪಟ್ಟಿಯವರ ಫ್ಯಾಕ್ಟರಿ ನಮ್ಮ ಪಕ್ಕದ್ದು, ಅವರ ಬಸ್ಸು ಲಗ್ಗೆರೆಗೆ ಹೋಗುತ್ತದೆ, ನಮ್ಮದು ಮಾದನಾಯಕನಹಳ್ಳಿಗೆ, ಎರಡೂ ಬಿಳಿ, ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇಂಗ್ಲಿಷ್ ಬೋರ್ಡು ನಮ್ಮಲ್ಲಿ ಯಾರು ಓದುತ್ತಾರೆ, ಬಸ್ಸಿನ ಕನ್ನಡಿಗೆ ಕಟ್ಟಿದ ರಿಬ್ಬನ್ನೇ ಗುರುತು, ನಮ್ಮದಕ್ಕೆ ಹಳದಿ, ಅವರದಕ್ಕೆ ಗುಲಾಬಿ, ಆದರೆ ಇವತ್ತು ಎಲ್ಲ ಕನ್ನಡಿಗೂ ಸೇವಂತಿಗೆ ಹಾರ, ಎಲ್ಲ ಬಾಗಿಲಿಗೂ ಬಾಳೆಕಂದು, ರಿಬ್ಬನ್ನು ಹೂವಿನ ಒಳಗೆ ಮುಚ್ಚಿಹೋಗಿದೆ. ಅವಳ ತುಟಿ ಅಲ್ಲಾಡುತ್ತಿದೆ. ಇಳಿಯುವ ಜಾಗದ ಹೆಸರು ಹೇಳಿಕೊಳ್ಳುತ್ತಿದ್ದಾಳೆ, ಮರೆತುಹೋಗಬಾರದು ಅಂತ, ನನಗೆ ಗೊತ್ತು, ನಾನೂ ಹಸಿರು ಪಟ್ಟಿಯವಳಾಗಿದ್ದಾಗ ನನ್ನ ತುಟಿಯೂ ಹಾಗೇ ಅಲ್ಲಾಡಿತ್ತು, ಲಗ್ಗೆರೆ ಬ್ರಿಡ್ಜ್, ಲಗ್ಗೆರೆ ಬ್ರಿಡ್ಜ್ — ಆಗಲೂ ಆಯುಧಪೂಜೆ, ಆಗಲೂ ಹೂವು, ಬೆಂಗಳೂರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ನನ್ನ ಅಣ್ಣ ಸಿದ್ರಾಮಣ್ಣ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲೇ ನಿಂತು ಹೇಳಿದ್ದ, ಒಂದು ಸಲ ದಾರಿ ತಪ್ಪಿ ಬಂದ್ರ ಮುಗೀತು ನೋಡು ತಂಗಿ, ಮರುದಿನ ಊರಿನ ಬಸ್ಸು ಹತ್ತಸ್ತೀನಿ, ಮಾವನ ಮಗ ಕಾದಾನ. ಏಳನೆಯ ತರಗತಿಗೇ ಶಾಲೆ ಬಿಡಿಸಿದವರು ಮದುವೆಗೆ ಎಷ್ಟು ಹೊತ್ತು ಕಾಯುತ್ತಾರೆ. ನಾನು ಗುಲಾಬಿ ರಿಬ್ಬನ್ ಹುಡುಕಿದೆ, ಎಲ್ಲ ಕಡೆ ಸೇವಂತಿಗೆ, ಜನ ಹತ್ತುತ್ತಿದ್ದರು, ಹತ್ತಿಬಿಟ್ಟೆ. ಮೇಲ್ಸೇತುವೆ ಬಂತು. ಲಗ್ಗೆರೆಯ ದಾರಿಯಲ್ಲಿ ಮೇಲ್ಸೇತುವೆ ಹತ್ತುವುದಿಲ್ಲ ಅಂತ ಗೊತ್ತಿತ್ತು, ಕೆಳಗೆ ಲಾರಿಗಳು ಚಿಕ್ಕವಾದವು, ಯಾರನ್ನಾದರೂ ಕೇಳಬೇಕು, ಯಾರನ್ನು, ಎಲ್ಲರೂ ನೋಡಿದರು, ನೋಡಿ ಸುಮ್ಮನಾದರು, ಮೇಲ್ಸೇತುವೆ ಇಳಿದ ಮೇಲೆ ಹಿಂದಿನಿಂದ ಒಂದು ದನಿ, ಯಾಕಮ್ಮಿ ಅಂಗೆ ನಡುಗ್ತಿದ್ದೀಯ, ನೀನು ನಮ್ ಬಸ್ಸಿನೋಳಲ್ಲ ಅಲ್ವಾ. ನಾನು ತಲೆ ಅಲ್ಲಾಡಿಸಿದೆ ಅಷ್ಟೆ. ಅವಳು ಎದ್ದು ಬಾಗಿಲಿಗೆ ಹೋಗಿ ತಗಡಿನ ಮೇಲೆ ಅಂಗೈಯಿಂದ ಧಡ್ ಧಡ್ ಅಂತ ಬಾರಿಸಿದಳು, ತೋರುಬೆರಳಿಗೆ ಬಟ್ಟೆಯ ಚಿಂದಿ ಸುತ್ತಿ ಮೇಲೆ ಕೆಂಪು ದಾರ ಕಟ್ಟಿತ್ತು, ಮಷೀನಿನ ಸೂಜಿ ಹೊಕ್ಕ ಬೆರಳು, ನೋಯುತ್ತಿತ್ತೇನೋ, ಆದರೂ ಅದೇ ಕೈಯಿಂದ ಬಾರಿಸಿದಳು, ಇಬ್ರು ಇಳೀತೀವಿ ಕಣೋ, ನಿಲ್ಸೋ. ಇಬ್ಬರು ಯಾರು ಅಂತ ನಾನು ಹಿಂದೆ ತಿರುಗಿ ನೋಡಿದ್ದೆ. ಎರಡನೆಯವಳು ನಾನೇ ಅಂತ ಗೊತ್ತಾಗಿದ್ದು ಅವಳು ನನ್ನ ಚೀಲ ಇಸಿದುಕೊಂಡಾಗ.

ಪಕ್ಕದಲ್ಲಿ ಸುಮಂಗಲಾ ಕಡ್ಲೆಪುರಿ ಮುಕ್ಕುತ್ತಿದ್ದಾಳೆ, ಮೊಣಕೈಯಿಂದ ತಿವಿಯುತ್ತಾಳೆ, ಮಹಾನಂದಾ, ನಿನ್ನ ಮಾತೇನ ನಮ್ಮ ಓಣಿ ನಳದ ನೀರೇನ, ವಾರಕ್ಕೊಮ್ಮಿ ಬಿಡ್ತಿ. ಹಿಂದಿನ ಸೀಟಿನವರು ನಗುತ್ತಾರೆ, ನಾನೂ ನಗುತ್ತೇನೆ, ನಕ್ಕರೆ ಬಿಟ್ಟುಬಿಡುತ್ತಾರೆ. ಅಕ್ಕಾ, ಆಕಿ ನಮ್ಮ ಬಸ್ಸಿನಾಕಿ ಅಲ್ಲ, ಪಟ್ಟಿ ನೋಡ್ರಿ ಅಂದೆ. ಸುಮಂಗಲಾ ಕತ್ತು ಎತ್ತಿ ನೋಡಿದಳು, ಹೌದಲ್ಲ ಅಂದಳು, ಯಾರರ ಹೇಳ್ತಾರ ಬಿಡ ಅಂದಳು, ಕೆಟ್ಟವಳಲ್ಲ, ಜ್ವರ ಬಂದಾಗ ಗಂಜಿ ತಂದುಕೊಟ್ಟವಳು, ಆದರೆ ಯಾರಾದರೂ ಅಂದರೆ ಯಾರು, ಆವತ್ತು ಬಸ್ಸಿನ ತುಂಬ ಯಾರಾದರೂ ಇದ್ದರು, ಕೈ ಎತ್ತಿದವಳು ಒಬ್ಬಳೇ. ಆ ಕೆಂಪು ದಾರದವಳ ಮನೆ ನೆಲಮಂಗಲದ ಕಡೆ, ಹಬ್ಬದ ದಿನ, ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಬೇಯಿಸಿಟ್ಟು ಬಂದಿದ್ದೀನಿ ಅಂದಿದ್ದಳು, ನನ್ನ ಜೊತೆ ರಸ್ತೆ ದಾಟಿದಳು, ಸಿಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು, ಹೂವಿನ ಕಾಟಕ್ಕೆ ಯಾವ ಬಸ್ಸು ಯಾವುದೂಂತ ನಂಗೇ ಗೊತ್ತಾಗಲ್ಲ ಬಿಡಮ್ಮಿ ಅಂದಳು, ಆಮೇಲೆ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ, ಕೇಳದೇ ಇದ್ದದ್ದೇ ನನಗೆ ನೀರು ಕುಡಿದಂತಾಯಿತು. ಲಗ್ಗೆರೆ ಬ್ರಿಡ್ಜಿನ ಕೆಳಗೆ ಸಿದ್ರಾಮಣ್ಣ ನಿಂತಿದ್ದ, ಮುಖ ಕಪ್ಪಿಟ್ಟಿತ್ತು, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು, ಊರಿನ ಬಸ್ಸು, ಮಾವನ ಮಗ, ಎಲ್ಲ ಅಲ್ಲೇ ಕಾಣಿಸಿತು, ಅವಳು ನನಗಿಂತ ಮುಂದೆ ನಡೆದು ಅಂದಳು, ಬಸ್ಸೇ ಕೆಟ್ಟೋಯ್ತು ಕಣಪ್ಪ, ಎಲ್ಲಾರ್ಗೂ ಲೇಟಾಯ್ತು, ನಿನ್ ತಂಗೀದೇನೂ ತಪ್ಪಿಲ್ಲ. ಅಷ್ಟು ಸಲೀಸಾಗಿ. ಅಣ್ಣ ಕೈಮುಗಿದ, ಚಾ ಕುಡೀರಿ ಅಂದ, ಅವಳು ಒಬ್ಬಟ್ಟು ಇನ್ನೂ ತಟ್ಟಬೇಕು ಅಂತ ಹೊರಟಳು, ಕೆಂಪು ದಾರದ ಬೆರಳು ಒಮ್ಮೆ ನನ್ನ ಗಲ್ಲ ಮುಟ್ಟಿತು, ಹೆಸರು ಕೇಳಬೇಕಿತ್ತು, ಕೇಳಲಿಲ್ಲ. ಅಂದು ದಾರ ಕತ್ತರಿಸುವ ಹೆಲ್ಪರ್ ನಾನು, ಈಗ ಈ ನೀಲಿ ಪಟ್ಟಿಯ ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುತ್ತೇನೆ, ಮಷೀನಿನ ಮುಂದೆ ನನ್ನದೇ ಸ್ಟೂಲು, ಮದುವೆ ಯಾವಾಗ ಅಂತ ಅಣ್ಣ ಈಗ ನನ್ನನ್ನೇ ಕೇಳುತ್ತಾನೆ, ಇದೆಲ್ಲ ಅವಳಿಗೆ ಗೊತ್ತಿಲ್ಲ. ಅವಳ ಬಸ್ಸು ಯಾವ ಫ್ಯಾಕ್ಟರಿಯದೋ, ಹೂವಿನಲ್ಲಿ ಗುರುತು ಸಿಕ್ಕಿರಲಿಲ್ಲ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಎಲ್ಲ ಬಿಳಿ ಬಸ್ಸಿನ ಕಿಟಕಿಯಲ್ಲೂ ಕೈ ಹುಡುಕುತ್ತೇನೆ, ಗಾಯ ಎಂದೋ ಮಾಯ್ದಿರುತ್ತದೆ, ದಾರ ಬಿಚ್ಚಿರುತ್ತಾಳೆ, ಆದರೂ ಹುಡುಕುತ್ತೇನೆ.

ಗೊರಗುಂಟೆಪಾಳ್ಯದ ಸಿಗ್ನಲ್ ಕಾಣುತ್ತಿದೆ, ಅದರಾಚೆ ಮೇಲ್ಸೇತುವೆ, ಹತ್ತಿದರೆ ನಡುವೆ ಎಲ್ಲೂ ಇಳಿಯುವಂತಿಲ್ಲ. ಯಾರಾದರೂ ಹೇಳುತ್ತಾರೆ. ಹುಡುಗಿ ಈಗ ಬೋರ್ಡು ನೋಡುತ್ತಿಲ್ಲ, ಮಡಿಲು ನೋಡುತ್ತಿದ್ದಾಳೆ, ಚೀಲದ ಹಿಡಿಕೆಯನ್ನು ಹಿಂಡುತ್ತಿದ್ದಾಳೆ, ಅವಳಿಗೆ ಗೊತ್ತಾಗಿಹೋಗಿದೆ, ಅವಳ ಬ್ರಿಡ್ಜಿನ ಕೆಳಗೆ ಯಾರು ನಿಂತಿದ್ದಾರೋ, ಏನು ಹೇಳಿ ಕಳಿಸಿದ್ದಾರೋ. ನಾನು ಎದ್ದೆ, ಎದ್ದದ್ದು ನಾನೇ, ಮೆಂತ್ಯವೆಲ್ಲ ಕಾಲಕೆಳಗೆ, ಎಲೆಯೂ ದಂಟೂ ಒಂದಾಗಿ, ಸುಮಂಗಲಾ ಏ ಹುಚ್ಚಿ ಎಲ್ಲಿಗಿ ಅಂತಾಳೆ, ಸೀಟಿನ ಕಂಬಿ, ಇನ್ನೊಂದು ಕಂಬಿ, ಹುಡುಗಿಯ ಪಕ್ಕ ನಿಂತೆ, ಲಗ್ಗೆರೆಗೇನ ಅಂದೆ, ಅವಳು ತಲೆ ಅಲ್ಲಾಡಿಸಿದಳು ಅಷ್ಟೆ, ಚೀಲ ಇಸಿದುಕೊಂಡೆ, ಹಗುರ, ಕಡ್ಲೆಪುರಿ ಪೊಟ್ಟಣವೂ ಒಡೆದಿಲ್ಲ. ಅಣ್ಣಾ ನಿಲ್ಸ್ರಿ ಅಂದೆ, ಹಾಡು ಅದನ್ನು ನುಂಗಿತು, ನನಗೇ ಕೇಳಿಸಲಿಲ್ಲ. ಮುಂದಿನ ಲಾರಿ ಕದಲಿತು, ನಮ್ಮ ಬಸ್ಸೂ ಕದಲುತ್ತಿದೆ, ಹುಡುಗಿ ನನ್ನ ದುಪಟ್ಟಾ ಹಿಡಿದಿದ್ದಾಳೆ, ಬಾಗಿಲ ಪಕ್ಕದ ತಗಡು ಬಿಸಿಲಿಗೆ ಕಾದಿದೆ, ನನ್ನ ಅಂಗೈ ಅದರ ಮೇಲೆ, ಮೆಂತ್ಯದ ಹಸಿರು ಹತ್ತಿದ ಬೆರಳು, ಕೆಂಪು ದಾರದ ಬೆರಳು, ಧಡ್, ನೋಯುತ್ತಿತ್ತೇನೋ, ಧಡ್, ಕೆಂಪು ದಾರ — ಅಣ್ಣಾ, ಇಬ್ಬರು ಇಳಿಯೋರದೀವಿ, ನಿಲ್ಸ್ರಿ.