ಮಂಗಳವಾರದ ಸಹಿ

"ನಿಮ್ಮನ್ನ ಕೇಳ್ಲಾರದ ನಾನು ಒಂದ ಹೆಜ್ಜಿನೂ ಇಡಂಗಿಲ್ಲ ಕಾಂತಮ್ಮಾರ. ಇದು ನನ್ನ ಮಾತು" ಎಂದು ಉಮಾದೇವಿ ಹೇಳಿ ಎಂಟು ವರ್ಷವಾಗಿತ್ತು. ಹೇಳಿದ್ದು ವಿಜಯವಾಡದ ಪಟಮಟದಲ್ಲಿ, ಮನೆ ಸಾಮಾನು ತುಂಬಿಕೊಂಡ ಲಾರಿಯವನು ಹೊತ್ತಾಯಿತೆಂದು ಹಾರ್ನ್ ಹೊಡೆಯುತ್ತಿದ್ದಾಗ. ಗಂಡ ಲಿಂಗರಾಜುವನ್ನು ಬ್ಯಾಂಕಿನವರು ವಿಶಾಖಪಟ್ಟಣಕ್ಕೆ, ಜನರ ಬಾಯಲ್ಲಿ ವೈಜಾಗಿಗೆ, ವರ್ಗ ಮಾಡಿದ್ದರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವಳು ಉಮಾದೇವಿ, ಕೆಳಗಿನ ಮನೆಯ ಒಡತಿ ಲಕ್ಷ್ಮೀಕಾಂತಮ್ಮ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಬ್ಬರೂ ಸೇರಿ ನಾಲ್ಕು ವರ್ಷ ಖಡಕ್ ರೊಟ್ಟಿ ಮಾಡಿ ಮಾರಿದ್ದರು. ಇನ್ನು ಮೇಲೆ ಆ ಶೆಡ್ಡು ಲಕ್ಷ್ಮೀಕಾಂತಮ್ಮನ ಕೈಗೆ, ಹೊಸ ಊರಿನಲ್ಲಿ ಹೊಸ ಒಲೆ ಉಮಾದೇವಿಯ ಕೈಗೆ, ವ್ಯಾಪಾರ ಮಾತ್ರ ಇಬ್ಬರದೂ ಒಂದೇ ಎಂದು ಮಾತಾಗಿತ್ತು. ಕಾಗದವೇನೂ ಇರಲಿಲ್ಲ.

"ಹೆಜ್ಜಿ ಇಡ್ರಿ ವದಿನಾ, ಓಡಬ್ಯಾಡ್ರಿ. ಅಷ್ಟಾದ್ರ ಸಾಕು" ಎಂದು ಲಕ್ಷ್ಮೀಕಾಂತಮ್ಮ ನಕ್ಕಿದ್ದಳು. ವದಿನ ಅಂದರೆ ಅತ್ತಿಗೆ. ತೆಲುಗಿನ ಆ ಒಂದು ಶಬ್ದ ಬಿಟ್ಟರೆ ಉಮಾದೇವಿಯ ಜೊತೆ ಅವಳು ಆಡುತ್ತಿದ್ದುದೆಲ್ಲ ಉಮಾದೇವಿಯಿಂದಲೇ ಕಲಿತ ಇಳಕಲ್ ಸೀಮೆಯ ಕನ್ನಡ. ಅನ್ನದ ಸೀಮೆಯ ಹೆಂಗಸು. ಉಮಾದೇವಿಯ ಕೈ ಮುರಿದು ಪ್ಲಾಸ್ಟರ್ ಹಾಕಿದ್ದಾಗ, "ಒಪ್ಪಿಕೊಂಡ ಆರ್ಡರ್ ಬಿಡಬಾರದು" ಎಂದು ತಾನೇ ಮಣೆಯ ಮುಂದೆ ಕೂತು ರೊಟ್ಟಿ ತಟ್ಟಲು ಕಲಿತವಳು. ರೊಟ್ಟಿಯ ಜೊತೆಗೇ ಭಾಷೆಯೂ ಬಂದಿತ್ತು.

ಈ ಶುಕ್ರವಾರ ಬೆಳಗಿನ ರೈಲಿನಲ್ಲಿ ಉಮಾದೇವಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೊರಟಿದ್ದಳು. ಕೈಚೀಲದಲ್ಲಿ ಹದಿನಾಲ್ಕು ಪುಟದ ಒಂದು ಕಾಗದದ ಕಟ್ಟು. ಹೇಳಬೇಕಾದ ಮಾತನ್ನು ತುನಿ ದಾಟುವವರೆಗೆ ಒಂದು ರೀತಿಯಲ್ಲಿ, ರಾಜಮಂಡ್ರಿ ದಾಟುವವರೆಗೆ ಇನ್ನೊಂದು ರೀತಿಯಲ್ಲಿ ಜೋಡಿಸಿಕೊಂಡಳು. ಏಲೂರು ಬರುವ ಹೊತ್ತಿಗೆ ಎರಡೂ ಮರೆತುಹೋಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಕಾಗದ ತಯಾರಾದದ್ದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅವರ ಫ್ಲ್ಯಾಟಿನಲ್ಲಿ, ಮೂರು ಭಾನುವಾರಗಳಲ್ಲಿ. ಮಗಳು ತನುಶ್ರೀ ಎಂಬಿಎ ಮುಗಿಸಿ ಒಂದು ವರ್ಷದಿಂದ ರೊಟ್ಟಿಯ ವ್ಯಾಪಾರಕ್ಕೇ ನಿಂತಿದ್ದಳು. ಸಣ್ಣ ಉದ್ದಿಮೆಗಳಿಗೆ ಸಲಹೆ ಕೊಡುವ ನಂದೀಶ್ ಎಂಬ ಮೈಸೂರಿನ ಹುಡುಗನನ್ನು ಅವಳೇ ಕರೆತಂದಿದ್ದಳು. ಅವನು ದಿವಾನದ ಮೇಲೆ ಬಿಳಿ ಬೋರ್ಡು ನಿಲ್ಲಿಸಿ, ಶೂ ಕಳಚಿದ ಕಾಲಿನಲ್ಲಿ ಹಾಲಿನ ತುಂಬ ಓಡಾಡುತ್ತ ಕೇಳಿದ್ದ:

"ಮೇಡಂ, ಕಣ್ಣು ಮುಚ್ಕೊಳಿ. ಹತ್ತು ವರ್ಷ ಆದ್ಮೇಲೆ ನಿಮ್ಮ ಕಂಪನಿ ಎಲ್ಲಿದೆ? ಏನು ಕಾಣಿಸ್ತಿದೆ, ಹೇಳಿ."

"ಕಣ್ಣ ಮುಚ್ಚಿದ್ರ ನನಗ ನಿದ್ದಿ ಬರ್ತದ್ರಿ" ಅಂದಳು ಉಮಾದೇವಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು.

"ಅಮ್ಮಾ, ಸೀರಿಯಸ್ಸಾಗಿ!" ತನುಶ್ರೀ ರೇಗಿದಳು. "ಇದು ವಿಷನ್. ನೀನು ಸರಿಯಾಗಿ ಚೆಪ್ಪಾಲಿ ಕದಾ." ಹೇಳಬೇಕಲ್ಲ ಎಂಬುದು ಅವಳ ಬಾಯಲ್ಲಿ ತೆಲುಗಾಗಿ ಬಂದಿತ್ತು.

ಉಮಾದೇವಿಗೆ ಕಂಡದ್ದು ತನ್ನ ಮೊಣಕಾಲು. ಹತ್ತು ವರ್ಷಕ್ಕೆ ತನಗೆ ಅರವತ್ತು. ಅಲ್ಲಿಯವರೆಗೂ ಬೆಂಕಿಯ ಮುಂದೆ ಕೂರಲು ಆಗುವುದಿಲ್ಲ. ಅದನ್ನೇ ಹೇಳಿದಳು. ನಂದೀಶ್ ಖುಷಿಯಾಗಿ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದ. ಮೊಣಕಾಲಿನಿಂದ ಮೆಷಿನ್ ಬಂತು, ಮೆಷಿನ್ನಿನಿಂದ ಊರಂಚಿನ ಗಾಜುವಾಕದ ಕಡೆ ಒಂದು ಶೆಡ್ಡು ಬಂತು, ಶೆಡ್ಡಿನಿಂದ ಸೂಪರ್ ಮಾರ್ಕೆಟಿನವರು ಬಂದರು. ತಯಾರಿಕೆಯೆಲ್ಲ ಒಂದೇ ಸೂರಿನಡಿ ಆಗಬೇಕೆಂಬುದು ಅವರ ಷರತ್ತು.

ಒಂಬತ್ತನೆಯ ಪುಟದಲ್ಲಿ ವಿಜಯವಾಡ ಇತ್ತು. ಅಲ್ಲಿನ ಗಿರಾಕಿಗಳಲ್ಲಿ ಹೆಚ್ಚಿನವರು ವರ್ಗವಾಗಿ ಬಂದ ಬ್ಯಾಂಕಿನವರು, ಆಸ್ಪತ್ರೆಯವರು. ಮೂರು ವರ್ಷಕ್ಕೊಮ್ಮೆ ಊರು ಬಿಡುವವರು. ಇಂಥ ನಿಲ್ಲದ ಗಿರಾಕಿಗಳ ಮೇಲೆ ದೀರ್ಘಕಾಲದ ವ್ಯಾಪಾರ ಕಟ್ಟಲಾಗದು. ಆದ್ದರಿಂದ ದೀಪಾವಳಿಯ ಹೊತ್ತಿಗೆ ಆ ಘಟಕ ಮುಚ್ಚುವುದು ಲೇಸು ಎಂದಿತ್ತು. ಓದಲು ಸರಿಯಾಗಿಯೇ ಇತ್ತು. ಉಮಾದೇವಿ ತಾನೇ ವರ್ಗದ ಲಾರಿ ಹತ್ತಿದವಳು. ಅದರಲ್ಲಿ ಸುಳ್ಳು ಹುಡುಕುವುದು ಹೇಗೆ?

"ಕಾಂತಮ್ಮಾರನ್ನ ಒಂದ ಮಾತ ಕೇಳಬೇಕಲ್ಲ" ಎಂದಳು.

"ಕೇಳೋಣ ಅಮ್ಮಾ. ಮೊದಲು ಪ್ಲ್ಯಾನ್ ಮುಗೀಲಿ. ಅರ್ಧ ಪ್ಲ್ಯಾನ್ ಹಿಡ್ಕೊಂಡು ಹೋಗಿ ಆಂಟಿಗೆ ಏನಂತ ಹೇಳ್ತಿ?"

ಪ್ಲ್ಯಾನು ಮುಗಿಯಿತು. ಸೂಪರ್ ಮಾರ್ಕೆಟಿನವರು ಮಂಗಳವಾರ ಬನ್ನಿ ಎಂದರು. ಅವರ ಆಫೀಸಿನಲ್ಲಿ ಏಸಿಯ ಚಳಿಗೆ ಸೆರಗು ಹೊದ್ದು ಕೂತು, ತೋರಿಸಿದ ಕಡೆಯೆಲ್ಲ ಉಮಾದೇವಿ ಸಹಿ ಹಾಕಿದಳು. ಸಂಜೆ ಲಿಂಗರಾಜು ಪೇಪರು ಮಡಿಸಿಡುತ್ತ, "ಸೈನ್ ಮಾಡೂಕ್ಕಿಂತ ಮೊದಲ ಕಾಂತಮ್ಮಗ ಒಂದ ಫೋನ್ ಹಚ್ಚಬೇಕಿತ್ತ ನೀ" ಎಂದ. ಉಮಾದೇವಿ ಕುಕ್ಕರಿನ ಸೀಟಿ ಎಣಿಸುತ್ತ ನಿಂತಳು. ಫೋನಿನಲ್ಲಿ ಹೇಳುವ ಮಾತಲ್ಲ, ಹೋಗಿ ಹೇಳುತ್ತೇನೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು.

ಪಟಮಟದ ಶೆಡ್ಡಿನಲ್ಲಿ ಮೂರು ಒಲೆ ಉರಿಯುತ್ತಿದ್ದವು. ಹಿಮಬಿಂದು ಎಂಬ ಹುಡುಗಿ, ಇನ್ನಿಬ್ಬರು ಹೆಂಗಸರು ತಟ್ಟುತ್ತಿದ್ದರು. ಲಕ್ಷ್ಮೀಕಾಂತಮ್ಮ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದವಳು ತಲೆಯೆತ್ತಿ, "ಏನ್ರಿ ವದಿನಾ, ಹೇಳ್ಲಾರದ ಕೇಳ್ಲಾರದ! ವೈಜಾಗಿನ ಸಮುದ್ರ ಏನ ಊರೊಳಗ ಬಂತೇನು?" ಎಂದಳು. ಎದ್ದು ಬಂದು ಹಿಟ್ಟಿನ ಕೈಯಿಂದಲೇ ತೋಳು ಹಿಡಿದುಕೊಂಡಳು. "ಸೊರಗೀರಿ. ಮಗಳು ಎಂಬಿಎ ಮಾಡಿ ತಾಯೀನ ಓಡಸಾಕ ಹತ್ಯಾಳ ಕಾಣ್ತದ."

ಮಜ್ಜಿಗೆ ಕುಡಿದದ್ದಾಯಿತು. ಲಕ್ಷ್ಮೀಕಾಂತಮ್ಮನ ಸೊಸೆ ಪ್ರತ್ಯೂಷಾ ಬಸುರಿ ಎಂಬ ಸುದ್ದಿಯಾಯಿತು. ಇನ್ನು ಹೇಳಿಬಿಡಬೇಕು ಎಂದು ಉಮಾದೇವಿ ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆಯೇ ಮಾತು.

"ಕಾಂತಮ್ಮಾರ, ನಿಮ್ಮನ್ನ ಒಂದ ಮಾತ ಕೇಳೂದಿತ್ತು. ಮುಂದಿನ ಹತ್ತ ವರ್ಷ ಈ ವ್ಯಾಪಾರ ಹೆಂಗ ಮಾಡೂಣು, ಅಂತ."

ಲಕ್ಷ್ಮೀಕಾಂತಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಲೆಗಳನ್ನು ಸಣ್ಣ ಮಾಡಿಸಿ, ಹೆಂಗಸರನ್ನು ರಸ್ತೆಯ ಕೊನೆಯ ಅಂಗಡಿಗೆ ಟೀ ಕುಡಿಯಲು ಕಳಿಸಿದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಎದುರಿಗೆ ಮಣೆ ಹಾಕಿಕೊಂಡು ಕೂತಳು.

"ನೀವು ಒಂದಿಲ್ಲಾ ಒಂದಿನ ಕೇಳ್ತೀರಿ ಅಂತ ನನಗ ಗೊತ್ತಿತ್ತು. ನಮ್ಮ ಮನಿಯವರು ಅಂತಾರ, ‘ಎಂಟು ವರ್ಷ ಆತು, ಆಕಿ ಮರತಾಳ’ ಅಂತ. ನೋಡ್ರಿ, ಆರ ತಾಸು ರೈಲಿನ್ಯಾಗ ಕೂತು ಕೇಳಾಕ ಬಂದೀರಿ."

ಉಮಾದೇವಿ ಚೀಲವನ್ನು ತೊಡೆಯ ಮೇಲಿಂದ ಪಕ್ಕಕ್ಕಿಟ್ಟಳು.

ಲಕ್ಷ್ಮೀಕಾಂತಮ್ಮ ಗೂಡಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದಳು. ತೆಲುಗಿನ ದುಂಡು ಅಕ್ಷರದಲ್ಲಿ ಪುಟಪುಟವೂ ತುಂಬಿತ್ತು. ಎಲ್ಲ ಪಟಮಟ ಬಿಟ್ಟುಹೋದವರ ಹೆಸರು. ಹೋದ ಊರು, ಹೋದ ದಿನ, ಯಾರಿಗೆ ಏನು ಸೇರುತ್ತದೆ ಎಂಬುದು. ಬೆರಳಿಟ್ಟು ಓದಿ ಹೇಳಿದಳು: "ಅಣ್ಣಪ್ಪ ಅಂತ, ಚಿಕ್ಕೋಡಿ ಕಡೆಯವರು. ಬ್ಯಾಂಕು. ಈಗ ರಾಯಪುರ. ಉಳ್ಳಾಗಡ್ಡಿ ಹಾಕಿದ ಚಟ್ನಿ ನಡ್ಯಾಂಗಿಲ್ಲ, ಜೈನರು. ಇವರು ಸಹನಾ, ನರ್ಸು. ಈಗ ಕಟಕ್. ರೊಟ್ಟಿ ತೆಳ್ಳಗಿರಬೇಕು, ಹಲ್ಲು ಸೂಕ್ಷ್ಮ."

"ಇವ್ರೆಲ್ಲ ಊರು ಬಿಟ್ಟವರಲ್ಲ?"

"ಅದಕ್ಕ ಹೇಳಾಕ ಹತ್ತೀನಿ. ಯಾರಿಗರ ಟ್ರಾನ್ಸ್‌ಫರ್ ಆತು ಅಂದ್ರ, ಸಾಮಾನು ಕಟ್ಟೋ ದಿನ ನಾನ ಹೋಗಿ ಇಪ್ಪತ್ತೈದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟ ಬರ್ತೀನಿ. ಸುಮ್ನ. ರೊಕ್ಕ ಇಲ್ಲ. ಹೊಸ ಊರಾಗ ಮೊದಲನೇ ವಾರ ಗ್ಯಾಸ್ ಬಂದಿರಂಗಿಲ್ಲ, ಪಾತ್ರಿ ಬಿಚ್ಚಿರಂಗಿಲ್ಲ. ನಮ್ಮ ರೊಟ್ಟಿ ತಿಂತಾರ. ಆ ಊರಾಗ ಇನ್ನೊಬ್ಬರು ಕನ್ನಡದವರು ಮಾತಾಡ್ಸಾಕ ಬರ್ತಾರಲ್ಲ, ಅವರಿಗೂ ಅದನ್ನ ಇಡ್ತಾರ. ಹದಿನೈದು ದಿನಕ್ಕ ಫೋನ್ ಬರ್ತದ. ‘ಆಂಟಿ, ಪಾರ್ಸೆಲ್ ಕಳಸ್ತೀರೇನು? ಇಲ್ಲಿ ನಾಕು ಮನಿ ಅದಾವ.’" ಅವಳು ಪುಟ ತಿರುವಿದಳು. "ಈಗ ಹನ್ನೊಂದು ಊರಿಗೆ ಹೋಗಾಕ ಹತ್ಯಾವ. ಗವರ್ನರ್‌ಪೇಟೆಯಾಗ ಗಟ್ಟಿ ಡಬ್ಬಿ ಮಾಡಸೀನಿ, ಒಂದ ರೊಟ್ಟಿ ಮುರಿಯಂಗಿಲ್ಲ. ವಿಜಯವಾಡದಾಗ ನಾವು ಮಾರೋದು ಅರ್ಧಾನೂ ಇಲ್ಲ ವದಿನಾ. ಉಳಿದದ್ದೆಲ್ಲ ಹೋದವರದ."

"ಇದನ್ನ ನನಗ್ಯಾಕ ಹೇಳಲಿಲ್ಲ ನೀವು?"

"ತನು ಫೋನ್ ಮಾಡ್ತಾಳ, ತಿಂಗಳಿಗೆ ಎಷ್ಟ ಅಂತ ಕೇಳ್ತಾಳ, ಹೇಳ್ತೀನಿ. ಯಾರಿಗೆ ಅಂತ ಕೇಳಂಗಿಲ್ಲ." ಲಕ್ಷ್ಮೀಕಾಂತಮ್ಮನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಮುಂದಕ್ಕೆ ಬಾಗಿ ಗುಟ್ಟು ಹೇಳುವವಳಂತೆ ಹೇಳಿದಳು: "ಹತ್ತ ವರ್ಷ ಅಂದ್ರಲ್ಲ? ನಾವು ಊರೂರಿಗೆ ಹೋಗಿ ಬ್ರ್ಯಾಂಚ್ ಹಾಕೋದ ಬ್ಯಾಡ. ಬ್ಯಾಂಕಿನವರು ತಮ್ಮ ಖರ್ಚಿನ್ಯಾಗ ನಮ್ಮ ಮಂದೀನ್ನ ಊರೂರಿಗೆ ಕಳಸ್ತಾರ. ನಾವು ಕಳಿಸಿಕೊಡೋ ದಿನ ಅವರ ಮನಿ ಬಾಗಲಾಗ ನಿಂತ್ರ ಸಾಕು. ವೈಜಾಗಿನ್ಯಾಗ ನೀವು ನಿಲ್ರಿ, ಇಲ್ಲಿ ನಾನು ನಿಲ್ತೀನಿ. ಬಾಜೂ ಖೋಲಿ ಖಾಲಿ ಮಾಡಸೀನಿ, ಇನ್ನೂ ಮೂರು ಒಲಿ ಹಿಡಿತಾವ. ನಾನು ಸತ್ರ ಪ್ರತ್ಯೂಷಾ ನಿಲ್ತಾಳ. ಹಾಂ, ಬಿದ್ದ ಬಿದ್ದ ನಗಬ್ಯಾಡ್ರಿ, ನನಗ ತೋಚಿದ್ದು ಇಷ್ಟ."

ಉಮಾದೇವಿ ನಗುತ್ತಿರಲಿಲ್ಲ. ಫೋನ್ ಮಾಡಿ ಬರುತ್ತೇನೆಂದು ಎದ್ದು ಗೇಟಿನ ಬಳಿಗೆ ಹೋದಳು.

ತನುಶ್ರೀ ಎಲ್ಲ ಕೇಳಿಸಿಕೊಂಡಳು. "ಅಮ್ಮಾ, ಇದು ಭಾಳ ಛಲೋ ಐಡಿಯಾ. ಇದು ಮೊದಲೇ ಗೊತ್ತಿದ್ರೆ ಪ್ಲ್ಯಾನೇ ಬೇರೆ ಆಗ್ತಿತ್ತು. ಆಂಟಿ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲವ್ವಾ."

"ಈಗ ಆಗಲ್ಲ. ಎಲ್ಲ ಒಂದೇ ಜಾಗದಲ್ಲಿ ಮಾಡ್ತೀವಿ, ಬೇರೆ ಕಡೆ ಮಾಡಲ್ಲ, ಬೇರೆಯವರಿಗೆ ಕಳಸಲ್ಲ ಅಂತ ಐದು ವರ್ಷಕ್ಕೆ ಸೈನ್ ಮಾಡಿದ್ದೀವಿ. ನೀನೇ ಮಾಡಿದ್ದಿ." ಆಮೇಲೆ ಸಣ್ಣ ದನಿಯಲ್ಲಿ, "ಆಂಟೀನ ಇಲ್ಲಿಗೇ ಕರಿ ಅಮ್ಮಾ. ಸೂಪರ್‌ವೈಸರ್ ಮಾಡೋಣ" ಎಂದಳು.

ಲಕ್ಷ್ಮೀಕಾಂತಮ್ಮನ ಸೊಸೆ ಬಸುರಿ, ಗಂಡ ಆರ್‌ಟಿಸಿಯಲ್ಲಿ ರಿಟೈರಾಗಿ ಮೊಣಕಾಲು ಹಿಡಿದು ಕೂತಿದ್ದಾನೆ, ಮನೆ ಸ್ವಂತದ್ದು. ಅವಳು ಎಲ್ಲಿಗೆ ಬರುತ್ತಾಳೆ? ಉಮಾದೇವಿ ಫೋನ್ ಇಟ್ಟಳು. ರಸ್ತೆಯಲ್ಲಿ ಸಿಟಿ ಬಸ್ಸು ಹಾದುಹೋಗುವವರೆಗೆ ಗೇಟಿನ ಸರಳು ಹಿಡಿದು ನಿಂತಿದ್ದಳು.

ಒಳಗೆ ಬಂದು ಕೂತುಕೊಳ್ಳದೆಯೇ ಹೇಳಿದಳು. ಮೆಷಿನ್ನು, ಗಾಜುವಾಕ, ದೀಪಾವಳಿ. ಸರಿಯಾಗಿ ಹೇಳಬೇಕೆಂದು ಇಷ್ಟೂ ದೂರ ಬಂದವಳು ತಡವರಿಸಿ, ಮುಂದಿನದು ಹಿಂದೆ ಹಿಂದಿನದು ಮುಂದೆ ಮಾಡಿ ಹೇಳಿದಳು. ಲಕ್ಷ್ಮೀಕಾಂತಮ್ಮ ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕೇಳಿದಳು.

"ಸೈನ್ ಆಗ್ಯದೇನು?"

"ಆಗ್ಯದ."

"ಯಾವಾಗ?"

"ಮಂಗಳವಾರ."

ಲಕ್ಷ್ಮೀಕಾಂತಮ್ಮ ಮನಸ್ಸಿನಲ್ಲೇ ದಿನ ಎಣಿಸಿದಂತೆ ಕಂಡಿತು. ಆಮೇಲೆ, "ಮರಿ ನನ್ನು ಎಂದುಕು ಅಡಿಗಾರು?" ಎಂದಳು.

ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ ಎಂದು. ತೆಲುಗಿನಲ್ಲಿ. ಹನ್ನೆರಡು ವರ್ಷದಲ್ಲಿ ಅವರಿಬ್ಬರ ನಡುವೆ ಇಡಿಯ ಒಂದು ಮಾತು ತೆಲುಗಿನಲ್ಲಿ ಬಂದದ್ದು ಉಮಾದೇವಿಗೆ ನೆನಪಿರಲಿಲ್ಲ.

"ಇಷ್ಟೊತ್ತು ಮಾತಾಡಿಬಿಟ್ಟೆ" ಎಂದು ಲಕ್ಷ್ಮೀಕಾಂತಮ್ಮ ತೆಲುಗಿನಲ್ಲೇ ಮುಂದುವರಿಸಿದಳು. ನಾಚಿಕೊಂಡವಳಂತೆ ಒಮ್ಮೆ ನಕ್ಕಳು. "ತಿಳಿದವರು ಕೂತು ಮಾಡಿದ ಯೋಜನೆ. ಒಳ್ಳೆಯದೇ ಇರುತ್ತದೆ." ನೋಟ್‌ಬುಕ್ ಮುಚ್ಚಿ ಗೂಡಿನಲ್ಲಿಟ್ಟಳು.

ಟೀ ಕುಡಿದು ಬಂದ ಹೆಂಗಸರು ಬಾಗಿಲಲ್ಲಿ ನಿಂತರು. ಹಿಮಬಿಂದು ಇಬ್ಬರ ಮುಖವನ್ನೂ ನೋಡಿ, "ಏಮೈಂದಿ ಪಿನ್ನಿ?" ಎಂದು, ಏನಾಯಿತು ಚಿಕ್ಕಮ್ಮ ಎಂದು, ಕೇಳಿದಳು. "ಏಮೀ ಲೇದು. ವೈಜಾಗ್ ಕಬುರ್ಲು" ಎಂದಳು ಲಕ್ಷ್ಮೀಕಾಂತಮ್ಮ. ಏನೂ ಇಲ್ಲ, ವೈಜಾಗಿನ ಸುದ್ದಿ. ಹೆಂಗಸರು ತಮ್ಮ ತಮ್ಮ ಮಣೆಗೆ ಹೋದರು. ಒಲೆಗಳು ದೊಡ್ಡದಾದವು. ಲಕ್ಷ್ಮೀಕಾಂತಮ್ಮ ಹಂಚು ಕಾಯ್ದಿದೆಯೇ ಎಂದು ಎರಡು ಹನಿ ನೀರು ಚಿಮುಕಿಸಿ ನೋಡಿದಳು. ಹನಿಗಳು ಗುಂಡಗೆ ಓಡಾಡಿ ಆರಿಹೋದವು. ಅವಳು ಕೈಚಾಚಿ ಮೊದಲ ರೊಟ್ಟಿಯನ್ನು ಈಸಿಕೊಂಡಳು.

ಉಮಾದೇವಿ ಅವಳನ್ನು ಕೇಳುತ್ತೇನೆಂದು ಮಾತು ಕೊಟ್ಟಿದ್ದಳು. ಕೇಳಿದ್ದು ಸಹಿ ಹಾಕಿದ ಮೂರು ದಿನದ ಮೇಲೆ. ಮಾತು ಉಳಿಯಲಿಲ್ಲ.