ಕರೆಯದಿದ್ದರೂ ಬರುವ ಮೋಟಾರು

ಟಾಂಗಾಕ್ಕಾಗಿ ಕಾದು ಕಾದು ಬೇಸತ್ತಿರದ ಮನೆ ಸೋಲಾಪುರದ ಪೇಟೆಯಲ್ಲಿ ಯಾವುದಿದೆ? ಅರಿವೆ ವ್ಯಾಪಾರಿ ಹಣಮಂತಪ್ಪನವರ ಮನೆಯಲ್ಲೂ ಅದೇ ಪಾಡು. ಅವರ ಹೆಂಡತಿ ಉಮಾಬಾಯಿಗೆ ಕಣ್ಣಿನ ಬೇನೆ. ಸೋಮವಾರ, ಗುರುವಾರ ದವಾಖಾನೆಗೆ ಬಂದು ಔಷಧ ಹಾಕಿಸಿಕೊಳ್ಳಬೇಕು, ತಪ್ಪಿಸಿದರೆ ದೃಷ್ಟಿಯೇ ಹೋದೀತು ಎಂದು ಡಾಕ್ಟರರು ಹೇಳಿದ್ದರು. ಆದರೂ ಎರಡು ಸಲ ತಪ್ಪಿತ್ತು. ಟಾಂಗಾದ ಅಣ್ಣಾರಾಯ ಒಂದು ದಿನ ಮದುವೆಯವರ ಕೆಲಸಕ್ಕೆ ಹೋಗಿದ್ದ; ಇನ್ನೊಂದು ದಿನ ಅವನ ಕುದುರೆ ಕುಂಟುತ್ತಿತ್ತು.

ಈ ಗುರುವಾರವೂ ಟಾಂಗಾ ಬರಲಿಲ್ಲ. ಉಮಾಬಾಯಿ ಸೀರೆ ಉಟ್ಟು ತಯಾರಾಗಿ ಬಾಗಿಲಲ್ಲೇ ಕುಳಿತಿದ್ದರು; ಹಣಮಂತಪ್ಪ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಪಕ್ಕದ ಮನೆಯ ಕಸ್ತೂರಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವರು. ಊರೊಳಗೆ ಓಡುವ ಮೋಟಾರು ಬಸ್ಸು ಹಿಡಿದು ಶಾಲೆಗೆ ಹೊರಟವರು ಇವರನ್ನು ನೋಡಿ ನಿಂತರು.

"ಕಾಕಾ, ಟಾಂಗಾ ಬಂದಿಲ್ಲೇನ್ರಿ? ನನ್ನ ಜೋಡಿ ಮೋಟಾರಿಗಿ ಬರ್ರಿ. ದವಾಖಾನಿ ಮುಂದೇ ನಿಂದರ್ತದ."

"ಮೋಟಾರ ಮನಿ ಮಟಾ ಬರ್ತದೇನವಾ? ಚೌಕದ ತನಾ ನಡೀಬೇಕು. ಆಕಿಗಿ ಎಲ್ಲಾ ಮಂಜಮಂಜ ಕಾಣ್ತದ. ಟಾಂಗಾ ಬಾಗಲಿಗೇ ಬರ್ತದ."

"ಬಂದ್ರ ಬಾಗಲಿಗಿ ಬರ್ತದ್ರಿ. ಬರದಿದ್ರ?"

ಹಣಮಂತಪ್ಪ ಮತ್ತೆ ಓಣಿಯ ತುದಿಯತ್ತ ನೋಡಿದರು.

"ಟಾಂಗಾ ಕೆಟ್ಟದ್ದಲ್ರಿ ಕಾಕಾ. ಹೊತ್ತಲ್ಲದ ಹೊತ್ತಿನ್ಯಾಗ ಜ್ವರ ಬಂದ್ರ ಅದೇ ಬೇಕು. ಆದ್ರ ಅಣ್ಣಾರಾಯಗ ಇರೋದು ಒಂದು ಕುದುರಿ, ಕರಿಯವರು ಹತ್ತು ಮಂದಿ. ಮೋಟಾರ ಹಂಗಲ್ರಿ. ಒಂಬತ್ತಕ್ಕಂದ್ರ ಒಂಬತ್ತಕ್ಕ ಚೌಕದಾಗ ಇರ್ತದ. ಯಾರೂ ಕರೀದಿದ್ರೂ ಬರ್ತದ, ಖಾಲಿ ಇದ್ರೂ ಹೋಗ್ತದ."

ಉಮಾಬಾಯಿ ಮೆಲ್ಲಗೆ ಹೇಳಿದರು: "ಅವ್ರಿಗಿ ನಡಿಯೋದು ತ್ರಾಸಲ್ಲವಾ. ಮಂದಿ ಮುಂದ ನನ್ನ ಕೈ ಹಿಡೀಬೇಕಲ್ಲ, ಅದಕ್ಕ ನಾಚಿಕಿ. ಹೌದಲ್ರಿ?"

ಕೊನೆಯ ಮಾತನ್ನು ಅವರು ಗಂಡನನ್ನೇ ಕೇಳಿದ್ದರು. ಆದರೆ ಮುಖ ಮಾಡಿದ್ದು ಬಾಗಿಲ ಪಕ್ಕದ ಕಂಬದ ಕಡೆಗೆ.

ಹಣಮಂತಪ್ಪ ಕಂಬವನ್ನೂ ಹೆಂಡತಿಯ ಮುಖವನ್ನೂ ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಜೊತೆ ಓಣಿಯಲ್ಲಿ ಸರಿಸಮ ನಡೆದವರೂ ಅಲ್ಲ. ಎದ್ದು ಬಂದು ಕೈ ಹಿಡಿದರು.

"ಏಳು. ಮುಂದ ಗಟಾರ ಅದ, ನೋಡಿ ಕಾಲಿಡು," ಎಂದರು. ತಕ್ಷಣ ತಪ್ಪು ತಿಳಿದು, "ನಾ ಹೇಳ್ತೀನಿ, ಹಂಗ ಇಡು," ಎಂದರು.

ಓಣಿಯ ಮಂದಿ ನೋಡಿದರು. ಯಾರೂ ನಗಲಿಲ್ಲ, ಸರಿದು ದಾರಿ ಕೊಟ್ಟರು. ಒಂಬತ್ತಕ್ಕೆ ಮೋಟಾರು ಬಂತು. ಉಮಾಬಾಯಿ ಹತ್ತಿ ಕೂಡುವವರೆಗೂ ಡ್ರೈವರ್ ಕಾದ.

ಅಂದಿನಿಂದ ಒಂದು ಸರದಿಯೂ ತಪ್ಪಲಿಲ್ಲ. ನಡುವೆ ಒಮ್ಮೆ ಉಮಾಬಾಯಿಗೆ ಚಳಿಜ್ವರ ಬಂದಾಗ ಮಾತ್ರ ಅಣ್ಣಾರಾಯನ ಟಾಂಗಾ ಕರೆಸಿದರು. ಎರಡು ತಿಂಗಳಾದ ಮೇಲೆ, ಮೋಟಾರಿನಲ್ಲಿ ಕುಳಿತಿದ್ದಾಗ, ಉಮಾಬಾಯಿ ಗಂಡನ ಮುಖವನ್ನೇ ದಿಟ್ಟಿಸಿ ಕೇಳಿದರು:

"ನಿಮ್ಮ ಮೀಸಿ ಯಾವಾಗ ಇಷ್ಟು ಬೆಳ್ಳಗಾದ್ವುರಿ?"

ಹಣಮಂತಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಅವಸರ ಬಿದ್ದಾಗ ಟಾಂಗಾ ಕರೆಯಿರಿ. ವಾರವಾರದ ದವಾಖಾನೆಗೆ, ದಿನದ ಶಾಲೆ-ಕೆಲಸಕ್ಕೆ ಮೋಟಾರು ಹಿಡಿಯಿರಿ. ಅದು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಇವತ್ತೇ ಕೇಳಿ ತಿಳಿಯಿರಿ. ನಿಮ್ಮ ಓಣಿಯಲ್ಲಿ ಕಣ್ಣು ಕಾಣದವರು, ನಡೆಯಲಾರದವರು ಇದ್ದರೆ ನಾಳೆ ಹೊರಡುವಾಗ ಅವರ ಬಾಗಿಲು ತಟ್ಟಿ, ಕೈ ಹಿಡಿದು ಕರೆದುಕೊಂಡು ಹೋಗಿ.